ಅಂಟೇ ರೋಗವೆ?

ಮೈಸೂರಿನ ಹೊಸ ಬಡಾವಣೆಗಳ ಖಾಲಿ ಸೈಟುಗಳಲ್ಲಿ ನಾಲ್ಕು ಮಳೆ ಬಿದ್ದರೆ ಸಾಕು, ಕಾಂಗ್ರೆಸ್ ಗಿಡ ಸೊಂಟದೆತ್ತರ ಎದ್ದು ಬಿಳಿ ಹೂ ತಳೆಯುತ್ತದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಹಾರಿ, ಒಗ್ಗದವರ ಕಣ್ಣುರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ತುರಿಕೆ ಹುಟ್ಟಿಸುತ್ತದೆ. ಚರ್ಮ ದಪ್ಪಗಾಗಿ, ಕಪ್ಪಿಟ್ಟು, ವರ್ಷಗಟ್ಟಲೆ ಕಾಡುವುದುಂಟು. ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಇದಕ್ಕೆ ಮುಖ್ಯ ಕಾರಣ. ಆದರೆ ಅದೇ ಬೀದಿಯ ಬಹುಪಾಲು ಜನಕ್ಕೆ ಏನೂ ಆಗುವುದಿಲ್ಲ. ಅಂದಮೇಲೆ ಬೇನೆಯಲ್ಲಿ ಮೈಯ ಪಾಲೂ ಇದೆ. ಆ ಪಾಲನ್ನು ಬಿಡಿಸಿ ನೋಡಿದರೆ ವೇದಾಂತದ ಹಳೆಯ ಪ್ರಶ್ನೆಯೊಂದು ಎದುರಾಗುತ್ತದೆ: ದುಃಖಕ್ಕೆ ಮೂಲ ಅಂಟಿಕೊಳ್ಳುವುದೆ?

ಮೇಲ್ನೋಟಕ್ಕೆ ಹೌದೆನಿಸುತ್ತದೆ. ರಕ್ತದಲ್ಲಿ ಹರಿಯುವ ಬಿಳಿಕಣ ತಾನಾಗಿ ಚರ್ಮಕ್ಕೆ ಇಳಿಯಲಾರದು. ಕೆರಳಿದ ಜಾಗದ ರಕ್ತನಾಳ ತನ್ನ ಒಳಗೋಡೆಯಲ್ಲಿ ಸೆಲೆಕ್ಟಿನ್ ಎಂಬ ಅಂಟು ಅಣುಗಳನ್ನು ಚಾಚುತ್ತದೆ. ಕಣ ಅವಕ್ಕೆ ಸಿಕ್ಕುತ್ತ, ಬಿಡಿಸಿಕೊಳ್ಳುತ್ತ ಉರುಳತೊಡಗುತ್ತದೆ. ಆಮೇಲೆ ಕಣದ ಮೈಮೇಲಿನ ಇಂಟೆಗ್ರಿನ್ ಎಂಬ ಅಣು ಗೋಡೆಯ ಐಕ್ಯಾಮ್-1 ಅಣುವನ್ನು ಬಿಗಿಯಾಗಿ ಹಿಡಿಯುತ್ತದೆ; ನಿಂತ ಕಣ ಗೋಡೆಯೊಳಗಿಂದ ನುಸುಳಿ ಆಚೆ ಬರುತ್ತದೆ. ಹಿಂದೆ ಪಾರ್ಥೆನಿನ್ ಕಂಡ, ಬಿಳಿಕಣಗಳಲ್ಲೇ ಒಂದು ಬಗೆಯಾದ ಟಿ ಕಣಗಳಂತೂ ಚರ್ಮದ ವಿಳಾಸವನ್ನೇ ಹೊತ್ತು ತಿರುಗುತ್ತವೆ: ಸಿಎಲ್‌ಎ ಎಂಬ ಅವುಗಳ ಗುರುತು ಚರ್ಮದ ನಾಳಗಳ ಇ-ಸೆಲೆಕ್ಟಿನ್‌ಗೆ ಕೂಡುತ್ತದೆ. ಪೂರ್ವವಾಸನೆ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಸಿಕ್ಕೀತೆ? ಉರಿ ಹತ್ತಿದ ಮೇಲ್ಚರ್ಮವೂ ಐಕ್ಯಾಮ್-1 ತಳೆದು, ಬಂದವರನ್ನು ಅಲ್ಲೇ ತಡೆದುಕೊಳ್ಳುತ್ತದೆ. ಸಂಗದಿಂದ ಹೊರಟು ವಿನಾಶ ಮುಟ್ಟುವ ಸರಪಳಿಯನ್ನು ಗೀತೆಯ ಎರಡನೆಯ ಅಧ್ಯಾಯ ತೋರಿಸುವುದು ನೆನಪಾಗದಿರದು.

ಆದರೆ ಅಂಟು ಕೈಕೊಟ್ಟ ಮೈಯನ್ನೂ ವೈದ್ಯರು ಕಂಡಿದ್ದಾರೆ. ಇಂಟೆಗ್ರಿನ್ನಿನ ಸಿಡಿ18 ಎಂಬ ಭಾಗ ಹುಟ್ಟಿನಿಂದಲೇ ಕೆಟ್ಟಿರುವ ಶಿಶುಗಳಿವೆ, ಅಪರೂಪಕ್ಕೆ. ಒಂದೆರಡು ವಾರದಲ್ಲಿ ಉದುರಬೇಕಾದ ಹೊಕ್ಕುಳಬಳ್ಳಿ ಅವುಗಳಲ್ಲಿ ತಿಂಗಳಾದರೂ ಉದುರದಿರಬಹುದು. ಗಾಯ ಕೀವು ಕಟ್ಟದು, ಬೇಗ ಮಾಯದು. ರಕ್ತದಲ್ಲಿ ಬಿಳಿಕಣ ತುಂಬಿ ತುಳುಕುತ್ತಿದ್ದರೂ ಸೋಂಕಿನ ಕಡೆ ಇಳಿಯಲು ಅವಕ್ಕೆ ಹಿಡಿತವಿಲ್ಲ. ಇದನ್ನು ವೈರಾಗ್ಯವೆನ್ನಲು ಬಾಯಿ ಬಾರದು. ಇನ್ನೊಂದು ಚರ್ಮರೋಗವಾದ ಸೋರಿಯಾಸಿಸ್‌ಗೆ, ಇದೇ ಇಂಟೆಗ್ರಿನ್ ಹಿಡಿತವನ್ನು ತಡೆಯುವ ಎಫಲಿಜುಮ್ಯಾಬ್ ಎಂಬ ಮದ್ದಿಗೆ ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ದೊರೆಯಿತು. ಕೆಲವರಲ್ಲಿ ಮಾರಕ ಮಿದುಳು ಸೋಂಕು ಕಂಡು 2009ರಲ್ಲಿ ಅದನ್ನು ಹಿಂತೆಗೆದರು. ಚರ್ಮದಲ್ಲಿ ಬೇಡವಾಗಿದ್ದ ಅಂಟು ಮಿದುಳಿಗೆ ಬೇಕಾಗಿತ್ತು.

ಹಾಗಾಗಿ ಸಂಗತ್ಯಾಗವೆಂದರೆ ಹಿಡಿಯದಿರುವುದಲ್ಲ, ಹಿಡಿದದ್ದನ್ನು ಬಿಡಬಲ್ಲ ಶಕ್ತಿ ಎಂದೇ ನನ್ನ ವಾದ. ಸೆಲೆಕ್ಟಿನ್ ಬಿಡದೆ ಹೋದರೆ ಕಣ ಉರುಳುವುದೇ ಇಲ್ಲ. ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರು, 1932ರಲ್ಲಿ ಹೊರಬಂದ ತಮ್ಮ ಭಾರತೀಯ ದರ್ಶನಗಳ ಇಂಗ್ಲಿಷ್ ಗ್ರಂಥದಲ್ಲಿ, ಕೆಲಸದಲ್ಲಿದ್ದುಕೊಂಡೇ ಮಾಡುವ ತ್ಯಾಗವನ್ನು ಗೀತೆಯ ತಿರುಳಾಗಿ ಕಂಡರು. ಅಣುಗಳಿಗೆ ಇಚ್ಛೆಯಿಲ್ಲ, ಅವು ಮನಸ್ಸಿನ ಸಂಗಕ್ಕೆ ಹೇಗೆ ಸಾಕ್ಷಿಯಾದಾವು ಎಂದು ಯಾರಾದರೂ ಕೇಳಿದರೆ, ಆ ಆಕ್ಷೇಪ ನ್ಯಾಯವೇ. ಐಕ್ಯಾಮ್ ಗೀತೆಯನ್ನು ಸಮರ್ಥಿಸುವುದಿಲ್ಲ. ಋಷಿಗಳಿಗೆ ಇದೆಲ್ಲ ಗೊತ್ತಿತ್ತೆಂಬ ಜಂಬಕ್ಕೂ ಇಲ್ಲಿ ಜಾಗವಿಲ್ಲ. ಆದರೆ ಅಂಟು ಎಂಬ ಮಾತನ್ನು ಅಧ್ಯಾತ್ಮ ಕಡ ತಂದದ್ದು ಮೈಯಿಂದಲೇ. ತಂದ ಹೋಲಿಕೆ ಎಲ್ಲಿಯವರೆಗೆ ನಡೆಯುತ್ತದೆಂದು ಮೈಯನ್ನೇ ಕೇಳುವುದು ತಪ್ಪಲ್ಲ. ಸಂಸಾರದ ಅಂಟನ್ನು ತುರಿಕೆಗೆ ಹೋಲಿಸುವ ಪ್ರವಚನಕಾರರು ಕೀವು ಕಟ್ಟದ ಆ ಶಿಶುಗಳ ಗಾಯವನ್ನೂ ಒಮ್ಮೆ ನೆನೆಯಲಿ.