ಹಾವಸೆಯೂ ಅಹಿಂಸೆಯೂ

ಮಳೆಗಾಲದ ನಡುವಿನಲ್ಲಿ, ಮಲ್ಲಿಗೆಯ ಪಾತಿಯಲ್ಲೋ ಕನಕಾಂಬರದ ಸಾಲುಗಳ ನಡುವಣ ಕಿರಿದಾದ ಹಾದಿಯಲ್ಲೋ, ಬಿಸಿಲು ಅಷ್ಟಾಗಿ ತಾಗದ ಮಣ್ಣಿನ ಮೇಲ್ಮೈಯು ಮೊದಲು ಕಪ್ಪಿಟ್ಟು, ಅನಂತರ ಹಸುರೇರಿ, ಕಡೆಗೆ ಕಾಲಿಟ್ಟರೆ ಜಾರುವಷ್ಟು ನುಣುಪಾಗುವುದನ್ನು ಕೈತೋಟವುಳ್ಳವರೆಲ್ಲರೂ ಬಲ್ಲರು. ಅದನ್ನು ಹಾವಸೆಯೆಂದೂ ಪಾಚಿಯೆಂದೂ ಕರೆದು, ಕಂಡೊಡನೆ ಗುದ್ದಲಿಯ ಬಾಯಿಂದ ಕೆರೆದು ಬೇಲಿಯಾಚೆ ಎಸೆಯುವುದು ವಾಡಿಕೆ. ಇಷ್ಟು ಕ್ಷುದ್ರವಾದ ವಸ್ತುವಿನಲ್ಲಿ ಧರ್ಮಜಿಜ್ಞಾಸೆಗೆ ಎಡೆಯೆಲ್ಲಿಯದೆಂದು ಓದುಗರು ಕೇಳಬಹುದು. ಆದರೆ ನಮ್ಮ ದೇಶದ ಪ್ರಾಚೀನ ವಿಚಾರಪರರು ಇದನ್ನು ಕ್ಷುದ್ರವೆಂದು ಕಡೆಗಣಿಸಿದವರಲ್ಲ.

ವೇದಾಂತಬೋಧೆಯಲ್ಲಿ ಶೈವಲವು, ಎಂದರೆ ಪಾಚಿಯು, ಚಿರಪರಿಚಿತವಾದ ದೃಷ್ಟಾಂತ. ಪಂಚಕೋಶಗಳಿಂದ ಆವೃತವಾಗಿ ತೋರದೆ ಇರುವ ಆತ್ಮವನ್ನು, ತನ್ನಿಂದಲೇ ಹುಟ್ಟಿದ ಪಾಚಿಯು ಮುಸುಕಿದ ಕೊಳದ ನೀರಿಗೆ ವಿವೇಕಚೂಡಾಮಣಿಯು ಹೋಲಿಸುತ್ತದೆ. ಸರಿಸಿದ ಮರುಕ್ಷಣವೇ ಮತ್ತೆ ಬಂದು ಕವಿಯುವ ಅದರ ಸ್ವಭಾವವನ್ನು ಮಾಯೆಯ ನಿರೂಪಣೆಗೂ ಬಳಸಿಕೊಳ್ಳುತ್ತದೆ. ಉಪಮಾನವು ಯಥಾರ್ಥವಾದುದೇ. ಆದರೆ ಅಲ್ಲಿ ಸಾಧಕನ ದೃಷ್ಟಿಯು ಹಸುರನ್ನು ದಾಟಿ ನೀರಿನಲ್ಲಿ ನೆಟ್ಟಿದೆ. ಆ ಹಸುರಿಗೆ ತನ್ನದೇ ಆದ ಬದುಕೊಂದು ಉಂಟೆ, ಉಂಟಾದರೆ ನಮ್ಮ ಕೈ ಅದರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಅಲ್ಲಿ ಪ್ರಸಕ್ತಿಯಿಲ್ಲ. ಆ ಪ್ರಶ್ನೆಯನ್ನೆತ್ತಿ, ಅದಕ್ಕಾಗಿ ತಮ್ಮ ನಡಿಗೆಯ ರೀತಿಯನ್ನೇ ತಿದ್ದಿಕೊಂಡವರು ಜೈನರು.

ದಿಗಂಬರ ಯತಿಗಳ ಆಚಾರವನ್ನು ವಿಧಿಸುವ ವಟ್ಟಕೇರರ ಮೂಲಾಚಾರವು ಶೈವಲವನ್ನೂ ನೆಲದ ಮೇಲೆ ಕಟ್ಟುವ ಹಾವಸೆಯಾದ ಪಣಕವನ್ನೂ ಅನಂತಜೀವಗಳಿಗೆ ಆಶ್ರಯವಾದ ಕಾಯಗಳ ಸಾಲಿನಲ್ಲಿ ಹೆಸರಿಸುತ್ತದೆ. ಶ್ವೇತಾಂಬರರು ನಡೆದಾಡುವಾಗಿನ ದೋಷಗಳಿಗಾಗಿ ಪಠಿಸುವ ಪ್ರತಿಕ್ರಮಣದ ಪಾಠದಲ್ಲಿ, ಕಾಲಡಿಯಲ್ಲಿ ಸಿಕ್ಕಿ ನೊಂದವುಗಳನ್ನು ನೆನೆಯುವಾಗ, ಬೀಜ, ಇಬ್ಬನಿ, ಜೇಡರ ಬಲೆಗಳೊಂದಿಗೆ ಈ ಪಣಕದ ಹೆಸರೂ ಬರುತ್ತದೆ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಇಂಥ ಸಾಧಾರಣಶರೀರಗಳ ಲಕ್ಷಣವನ್ನು ವಿವರಿಸಿದರು: ಒಂದೇ ದೇಹವನ್ನು ಹಂಚಿಕೊಂಡ ಆ ಜೀವಗಳಿಗೆ ಆಹಾರವೂ ಉಸಿರೂ ಸಮಾನ, ಒಂದು ಹುಟ್ಟುವಲ್ಲಿ ಅನಂತವು ಹುಟ್ಟುತ್ತವೆ, ಒಂದು ಸಾಯುವಲ್ಲಿ ಅನಂತವು ಸಾಯುತ್ತವೆ. 1359ರಲ್ಲಿ ಕೇಶವವರ್ಣಿಯು ಈ ಗ್ರಂಥಕ್ಕೆ ಬರೆದ ವಿಸ್ತಾರವಾದ ಕನ್ನಡ ವೃತ್ತಿಯ ಮೂಲಕ ಈ ಗಹನವಾದ ವಿಚಾರವು ನಮ್ಮ ನುಡಿಗೂ ಇಳಿದುಬಂದಿತು.

ಈಗ ತೋಟದ ಹಾವಸೆಯ ಪೊರೆಯ ಒಂದು ಚೂರನ್ನು ಉಗುರಿನಿಂದ ಎಬ್ಬಿಸಿ ಬಿಸಿಲಿಗೆ ಹಿಡಿದು ನೋಡಿರಿ. ಮೇಲ್ಮುಖದಲ್ಲಿ ಸಾಸಿವೆಗಿಂತ ಸಣ್ಣದಾದ ಗುಳ್ಳೆಗಳು ಮಿನುಗುತ್ತವೆ. ಬೆಳಕನ್ನುಂಡು ಅದು ಹೊರಬಿಟ್ಟ ಪ್ರಾಣವಾಯು ಅಲ್ಲಿ ಸಿಕ್ಕಿಕೊಂಡಿರುತ್ತದೆ. ಅಡಿಯಲ್ಲಿ ಮರಳಿನ ಕಣಗಳು ಅಂಟುಲೋಳೆಯಿಂದಲೂ ಕಣ್ಣಿಗೆ ನಿಲುಕದಷ್ಟು ನವಿರಾದ ಎಳೆಗಳಿಂದಲೂ ಒಂದಕ್ಕೊಂದು ಹೆಣೆದುಕೊಂಡು ನೇತಾಡುತ್ತವೆ. ಬೇರಿಲ್ಲ, ಕಾಂಡವಿಲ್ಲ, ಹೂವಿಲ್ಲ. ಒಂದೊಂದು ಕೋಶವೂ ಇಬ್ಭಾಗವಾಗಿ ಎರಡಾಗುತ್ತದೆ; ಆ ಎರಡರಲ್ಲಿ ತಾಯಿ ಯಾವುದು, ಮಗು ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ನಾವು ವ್ಯಕ್ತಿಯೆಂದು ಕರೆಯುವ ಗಡಿಯೇ ಇಲ್ಲಿ ಅಳಿಸಿಹೋಗಿದೆ. ಹಾಗೆಂದು ನೇಮಿಚಂದ್ರರು ಸೂಕ್ಷ್ಮದರ್ಶಕದ ಸತ್ಯವನ್ನು ಮೊದಲೇ ಕಂಡಿದ್ದರೆಂದು ಸಾರುವ ಉತ್ಸಾಹ ನನಗಿಲ್ಲ. ಅಂಥ ಸಮರ್ಥನೆಯು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಗೌರವ ತರುವುದಿಲ್ಲ. ಅವರ ಹಿರಿಮೆಯಿರುವುದು ಬೇರೆಡೆ: ಮುಖವಿಲ್ಲದ, ಕೂಗಿಲ್ಲದ, ಒಂದೆಂದು ಎಣಿಸಲೂ ಬಾರದ ಬದುಕಿಗೂ ತಮ್ಮ ಕರುಣೆಯ ಲೆಕ್ಕದಲ್ಲಿ ಸ್ಥಾನವನ್ನಿತ್ತುದರಲ್ಲಿ.

ಹಾವಸೆಯು ಒಣಗಿ ಹಪ್ಪಳದಂತೆ ಸುರುಟಿಕೊಂಡಾಗಲೂ ಸತ್ತಿತೆಂದು ಹೇಳುವಂತಿಲ್ಲ. ಇಂಗ್ಲೆಂಡಿನಲ್ಲಿ ದಶಕಗಳ ಕಾಲ ಒಣಗಿಸಿ ಕಾಪಿಟ್ಟಿದ್ದ ಮಣ್ಣಿನ ಮಾದರಿಗಳಿಗೆ ನೀರೂಡಿಸಿ, ಅವುಗಳಲ್ಲಡಗಿದ್ದ ಪಾಚಿಗಳು ಮತ್ತೆ ಚಿಗುರಿದುದನ್ನು ಮ್ಯೂರಿಯೆಲ್ ಬ್ರಿಸ್ಟಲ್ ಎಂಬ ವಿದುಷಿಯು 1919ರಲ್ಲಿ ಪ್ರಕಟಪಡಿಸಿದರು. ಇದೇ ಗುಂಪಿನೊಡನೆ ಬೆಳೆಯುವ ನೀಲಿಹಸುರು ಬಗೆಗಳು ಗಾಳಿಯ ಸಾರಜನಕವನ್ನು ಹಿಡಿದು ಬತ್ತದ ಗದ್ದೆಗೆ ಉಣಿಸುತ್ತವೆಂಬುದನ್ನು 1939ರಲ್ಲಿ ಪಿ. ಕೆ. ಡೇ ಅವರು ತೋರಿಸಿಕೊಟ್ಟರು. ಆದಕಾರಣ ಹಾವಸೆಯನ್ನು ಬರಿಯ ಕೊಳೆಯೆನ್ನುವುದು ಅವಿಚಾರ. ಆದರೂ ಕಾಲುದಾರಿಯಲ್ಲಿ ಅದು ವೃದ್ಧರನ್ನು ಬೀಳಿಸುತ್ತದೆ. ದಪ್ಪಗೆ ಕಟ್ಟಿ ಒಣಗಿದಲ್ಲಿ ನೀರು ಇಂಗದಂತೆ ತಡೆಯುತ್ತದೆ. ಗೃಹಸ್ಥನು ಅದನ್ನು ಕೆರೆಯಲೇಬೇಕಾದ ಸಂದರ್ಭವುಂಟು. ಆಗ ದೋಷವುಂಟೆ?

ಯತಿಗೆ ಉತ್ತರ ಸ್ಪಷ್ಟವಾಗಿದೆ. ಆತನು ನೊಗದುದ್ದ ಮುಂದಿನ ನೆಲವನ್ನು ನೋಡಿಕೊಂಡು ನಡೆಯುತ್ತಾನೆ. ನೆಲವು ಹಸುರಾಗುವ ನಾಲ್ಕು ತಿಂಗಳು ಒಂದೆಡೆ ನಿಲ್ಲುತ್ತಾನೆ. ಗೃಹಸ್ಥನಾದ ಶ್ರಾವಕನಿಗೆ ಅದು ಸಾಧ್ಯವಲ್ಲವೆಂದು ಶಾಸ್ತ್ರಕಾರರೇ ಒಪ್ಪಿ, ಚಲಿಸುವ ಪ್ರಾಣಿಗಳ ವಧೆಯನ್ನು ಬಿಡುವುದೇ ಅವನ ಅಣುವ್ರತವೆಂದರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದಿಂದ ವಿರಮಿಸುವ ವ್ರತವೊಂದಿದೆ; ಪ್ರಯೋಜನವಿಲ್ಲದೆ ನೆಲವನ್ನಗೆಯುವುದು, ನೀರನ್ನು ಚೆಲ್ಲುವುದು, ಸಸ್ಯವನ್ನು ಕಡಿಯುವುದು ಇವನ್ನು ಪ್ರಮಾದಚರ್ಯೆಯೆಂದು ಅದು ವರ್ಜಿಸುತ್ತದೆ. ತತ್ತ್ವಾರ್ಥಸೂತ್ರವೂ ಹಿಂಸೆಯನ್ನು ವಿವರಿಸುವಾಗ ಪ್ರಾಣಹರಣದೊಡನೆ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಜೋಡಿಸಿಯೇ ಹೇಳುತ್ತದೆ. ಕುಂದಕುಂದರು ಪ್ರವಚನಸಾರದಲ್ಲಿ ಇನ್ನೂ ಮುಂದೆ ಹೋಗಿ, ಜೀವಿಯು ಸಾಯಲಿ ಬದುಕಲಿ, ಎಚ್ಚರಗೇಡಿಗೆ ಹಿಂಸೆಯು ನಿಶ್ಚಿತವೆಂದೂ, ಎಚ್ಚರವುಳ್ಳವನಿಗೆ ಬರಿಯ ಪ್ರಾಣಹಾನಿಯಿಂದ ಬಂಧವಿಲ್ಲವೆಂದೂ ನಿರ್ಣಯಿಸಿದರು.

ಈ ಮಾತನ್ನು ತೋಟಕ್ಕೆ ತಂದು ನೋಡಿದಾಗ ನನಗೆ ಹೊಳೆಯುವುದಿಷ್ಟು. ಪಾತಿಯಲ್ಲಿ ಹಾವಸೆ ಕಟ್ಟುವುದು ಸುಮ್ಮನೆ ಅಲ್ಲ. ನೆಲ ತುಳಿತಕ್ಕೆ ಸಿಕ್ಕಿ ಗಟ್ಟಿಯಾಗಿರುತ್ತದೆ, ಮೇಲ್ಮಣ್ಣು ಆರುವುದಕ್ಕೆ ಮೊದಲೇ ನಾವು ಮತ್ತೆ ನೀರೆರೆದಿರುತ್ತೇವೆ, ಗಿಡಕ್ಕೆ ಬೇಕಾದುದಕ್ಕಿಂತ ಹೆಚ್ಚು ಗೊಬ್ಬರವನ್ನು ಸುರಿದಿರುತ್ತೇವೆ. ಕೋಟ್ಯಂತರ ಜೀವಗಳನ್ನು ನಮ್ಮ ಅಲಕ್ಷ್ಯದಿಂದ ಬರಮಾಡಿಕೊಂಡು, ಬಳಿಕ ಅವುಗಳ ಮೇಲೆ ಕೋಪಿಸಿ ಗುದ್ದಲಿಯನ್ನೆತ್ತುತ್ತೇವೆ. ಮುಂದಿನ ವಾರ ಮತ್ತೆ ನೀರು, ಮತ್ತೆ ಹಸುರು, ಮತ್ತೆ ಗುದ್ದಲಿ. ಇಲ್ಲಿ ಹಿಂಸೆಯು ಆರಂಭವಾದುದು ಕೆರೆಯುವ ಗಳಿಗೆಯಲ್ಲಲ್ಲ, ನೋಡದೆ ಬಿಂದಿಗೆ ಬಗ್ಗಿಸಿದ ಗಳಿಗೆಯಲ್ಲಿ. ಕೆರೆಯುವಾತನ ಮನಸ್ಸಿನಲ್ಲಿ ಕ್ರೌರ್ಯವಿಲ್ಲದಿರಬಹುದು. ಆದರೆ ಕ್ರೌರ್ಯವಿಲ್ಲವೆಂಬುದೊಂದೇ ಅಹಿಂಸೆಗೆ ಸಾಲದು. ಸದ್ಭಾವವಿದ್ದರಾಯಿತೆಂದು ತೃಪ್ತರಾಗುವ ಈ ಕಾಲಕ್ಕೆ ಕುಂದಕುಂದರ ತೀರ್ಪು ಕಠಿನವಾಗಿ ತೋರೀತು. ನನಗಾದರೋ ಅದೇ ಹೆಚ್ಚು ದಯಾಪೂರ್ಣವಾದುದೆಂದು ಅನ್ನಿಸುತ್ತದೆ. ಏಕೆಂದರೆ ಭಾವದ ಶುದ್ಧಿಯನ್ನು ಅಳೆಯಬಲ್ಲವರು ವಿರಳ, ಕಣ್ಣು ತೆರೆದು ನೋಡುವ ಕೆಲಸವನ್ನು ಯಾವನಾದರೂ ಇಂದೇ ಆರಂಭಿಸಬಹುದು.

ದಾರಿಯ ಮೇಲಣ ಹಾವಸೆಯನ್ನು ತೆಗೆಯಬೇಕಾಗಿದ್ದರೆ ತೆಗೆಯಿರಿ. ಗಿಡದ ಬುಡದಲ್ಲಿದ್ದುದನ್ನು ಸುಮ್ಮನೆ ಬಿಡಿರಿ, ಅದು ಬೇರನ್ನು ತಿನ್ನುವುದಿಲ್ಲ. ನಾಳೆ ಪಾತಿಗೆ ನೀರೆರೆಯುವ ಮುನ್ನ ಒಂದು ಬೆರಳನ್ನು ಮಣ್ಣಿನೊಳಕ್ಕೆ ಇಳಿಸಿ ನೋಡಿರಿ, ತೇವವಿದ್ದರೆ ಬಿಂದಿಗೆಯನ್ನು ಕೆಳಗಿಡಿರಿ.