ಲೆಕ್ಕದಲ್ಲಿ ಬಿಟ್ಟುಹೋದ ಒಬ್ಬ

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. 11 ವರ್ಷ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಗಣಿತದ ಮೇಷ್ಟ್ರು ತೀರಿಕೊಂಡಿದ್ದರು. ನಿವೃತ್ತರಾಗಿ 6 ವರ್ಷವಾಗಿದ್ದರೂ ಸಭಾಂಗಣ ತುಂಬಿತ್ತು. ಹಾರ ಹಾಕಿದ ಫೋಟೋ, ಒಂದು ನಿಮಿಷದ ಮೌನ, ಆಮೇಲೆ ಮಾತು. ಮಾತಾಡಿದವರೆಲ್ಲ ಎರಡು ಪದಗಳನ್ನು ತಪ್ಪದೆ ಬಳಸಿದರು: ಸಜ್ಜನ, ಹಾಸ್ಯಪ್ರಜ್ಞೆ.

ನನ್ನ ಸರದಿ ಬಂದಾಗ ಅವರದೊಂದು ಮಾತನ್ನು ನೆನಪಿಸಿದೆ. ಹಳ್ಳಿಯಿಂದ ಬರುವ ಹುಡುಗನೊಬ್ಬ ಬಸ್ಸು ತಪ್ಪಿ, ಏದುಸಿರು ಬಿಡುತ್ತಾ ತರಗತಿಯ ಬಾಗಿಲಲ್ಲಿ ನಿಂತಿದ್ದ. ಮೇಷ್ಟ್ರು ಹೇಳಿದರಂತೆ: "ಬ್ರಹ್ಮಗುಪ್ತ ಸೊನ್ನೆಗೆ ನಿಯಮ ಬರೆದದ್ದು 628ರಲ್ಲಿ. ಲೆಕ್ಕ 1400 ವರ್ಷದಿಂದ ಕಾಯ್ತಾ ಇದೆ, ನಿನಗೋಸ್ಕರ ಇನ್ನು ಹತ್ತು ನಿಮಿಷ ಕಾಯಲ್ವೇನಯ್ಯ? ಬಾ, ಕೂತ್ಕೋ."

ಸಭೆಯಲ್ಲಿ ಒಬ್ಬಿಬ್ಬರು ಮುಗುಳ್ನಕ್ಕರು, ಅಷ್ಟೆ. ಮನೆಗೆ ಬರುವಾಗ ಯೋಚಿಸಿದೆ, ಅಂದು ಇಡೀ ತರಗತಿಯನ್ನು ನಗಿಸಿದ ಮಾತು ಇಂದೇಕೆ ಸಪ್ಪೆಯಾಯಿತು? ಕಾರಣ ಸರಳ. ಸಭೆಯಲ್ಲಿ ಆ ಬಾಗಿಲಿರಲಿಲ್ಲ, ಬೆವರುತ್ತಾ ನಿಂತ ಹುಡುಗನಿರಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಕುಗ್ಗುತ್ತಿದ್ದವನಿಗೆ ಹೊದಿಸಿದ ಶಾಲು ಅದು. ಹೊದಿಯುವವರಿಲ್ಲದೆ ಶಾಲು ಬರೀ ಬಟ್ಟೆ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ ಹಾಸ್ಯವನ್ನು ಸದ್ಗುಣಗಳ ಸಾಲಿನಲ್ಲಿಡುತ್ತಾನೆ. ನಗು ಸಿಗುತ್ತದೆಂದರೆ ಯಾರನ್ನೂ ಬಿಡದ ಕೋಡಂಗಿ ಒಂದು ತುದಿ. ತಾನೂ ನಗಿಸದ, ಇನ್ನೊಬ್ಬರ ನಗುವನ್ನೂ ಸಹಿಸದ ಒರಟ ಇನ್ನೊಂದು ತುದಿ. ಇವೆರಡರ ನಡುವೆ ಹದವರಿತವನು. ಆದರೆ ಆ ಹದ ಯಾವುದು? ಕೇಳುವವನನ್ನು ನೋಯಿಸದಿರುವುದೇ ಅದರ ಗುರುತೆ? ಅರಿಸ್ಟಾಟಲ್ ಇಲ್ಲಿ ತಡೆಯುತ್ತಾನೆ: ಒಬ್ಬೊಬ್ಬರಿಗೆ ಒಂದೊಂದು ನೋವಾಗುತ್ತದೆ, ಅದಕ್ಕೆ ಖಚಿತವಾದ ಅಳತೆ ಕೊಡುವುದು ಹೇಗೆ? ನನಗನ್ನಿಸುವುದು, ಅಳತೆಗೋಲು ಇಲ್ಲದಿರುವುದರಿಂದಲೇ ಪ್ರತಿಸಲವೂ ಎದುರಿಗಿರುವವನ ಮುಖ ನೋಡಬೇಕಾಗುತ್ತದೆ. ಮೇಷ್ಟ್ರ ದಯೆ, ಮೇಷ್ಟ್ರ ಹಾಸ್ಯ ಎಂದು ನಾವು ಎರಡಾಗಿ ಹೊಗಳಿದೆವು. ಅವೆರಡೂ ಒಂದೇ ನೋಟದಿಂದ ಹುಟ್ಟುತ್ತಿದ್ದವು.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಸಭೆಯಲ್ಲಿ ನಾನು ಹೇಳದೆ ಉಳಿಸಿಕೊಂಡ ಇನ್ನೊಂದು ಕಥೆಯಿದೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಕನ್ನಡ ತರಗತಿಯಲ್ಲಿ ಒಬ್ಬ ಹುಡುಗನಿಂದ ಪಾಠ ಓದಿಸುತ್ತಿದ್ದೆ. 'ಹಾಡು' ಎನ್ನುವಲ್ಲಿ ಅವನು 'ಆಡು' ಎಂದ. ನಾನು ತಟ್ಟನೆ, "ಕವಿ ಹಾಡು ಬರೆದರೆ ನೀನು ಆಡು ಮೇಯಿಸ್ತಾ ಇದ್ದೀಯಲ್ಲೋ!" ಎಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಹೆಮ್ಮೆಯಿಂದ ಸ್ಟಾಫ್ ರೂಮಿನಲ್ಲೂ ಹೇಳಿದೆ. ಅಲ್ಲೂ ನಕ್ಕರು. ಮೇಷ್ಟ್ರು ಮಾತ್ರ ಕೇಳಿದರು, "ಎಷ್ಟು ಜನ ಇದ್ರು ಕ್ಲಾಸಲ್ಲಿ?"

"ಅರವತ್ತು ಸಾರ್."

"ಹಾಗಾದ್ರೆ ನಕ್ಕದ್ದು ಐವತ್ತೊಂಬತ್ತು. ನಿಮ್ಮ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿದೆ."

ನನ್ನ ಮುಖ ಕೆಂಪಾಗಿರಬೇಕು. ಅದನ್ನೂ ಅವರು ಗಮನಿಸಿದರು. ತಕ್ಷಣ ದನಿ ಬದಲಿಸಿ, "ನನಗೂ ಹೈಸ್ಕೂಲಿನ ತನಕ ಹಕಾರ ಬರ್ತಿರಲಿಲ್ಲ ಕಣ್ರೀ. ಅದಕ್ಕೇ ಲೆಕ್ಕ ಹಿಡಿದೆ. ಒಂದರಿಂದ ಒಂಬತ್ತರ ತನಕ ಎಲ್ಲೂ ಹಕಾರ ಇಲ್ಲ ನೋಡಿ. ಹತ್ತಕ್ಕೆ ಬರೋ ಹೊತ್ತಿಗೆ ನಾಲಿಗೆ ಪಳಗಿತ್ತು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹುಡುಗನ ಪರ ನಿಂತವರು, ಮರುಕ್ಷಣವೇ ನನ್ನ ಮಾನವನ್ನೂ ಕಾಪಾಡಿದ್ದರು. ಅದಕ್ಕಾಗಿ ತಮ್ಮನ್ನೇ ನಗೆಗೆ ಒಡ್ಡಿಕೊಂಡಿದ್ದರು.

ಆ ನಗುವಿನಲ್ಲಿ ನಾನು ಹಾಯಾಗಿ ಪಾರಾದೆ. ಹುಡುಗನ ಹತ್ತಿರ ಒಂದು ಮಾತೂ ಆಡಲಿಲ್ಲ. ಆ ವರ್ಷವಿಡೀ ಅವನು ತರಗತಿಯಲ್ಲಿ ಮತ್ತೆ ಗಟ್ಟಿಯಾಗಿ ಓದಲಿಲ್ಲ. ಮೇಷ್ಟ್ರಲ್ಲಿ ಒಂದು ದೋಷವಿತ್ತೆಂದರೆ ಬಹುಶಃ ಇದೇ: ನಮ್ಮನ್ನು ಬೇಗ ಬಿಟ್ಟುಬಿಡುತ್ತಿದ್ದರು.

ರಾವಣ ಸತ್ತಾಗ ವೈರ ಸಾವಿನೊಂದಿಗೆ ಮುಗಿಯಿತೆಂದು ರಾಮ ವಿಭೀಷಣನಿಗೆ ಹೇಳುತ್ತಾನೆ. ಹೋದವರ ತಪ್ಪನ್ನು ಎತ್ತಿ ಆಡಬಾರದೆಂಬ ನಮ್ಮ ನಡವಳಿಕೆಯಲ್ಲೂ ಅಂಥದೇ ಸೌಜನ್ಯವಿದೆ. ಶ್ರದ್ಧಾಂಜಲಿಗಳಲ್ಲಿ ಸುಳ್ಳು ಸೇರುವುದು ಇದರಿಂದಲೇ ಎಂದು ಹಲವರು ದೂರುತ್ತಾರೆ. ಆದರೆ ಆ ದಿನ ನಾನು ಮುಚ್ಚಿಟ್ಟದ್ದು ಸತ್ತವರ ತಪ್ಪನ್ನಲ್ಲ, ಬದುಕಿರುವ ನನ್ನ ತಪ್ಪನ್ನು. ಅವರ ದೊಡ್ಡತನ ಪೂರ್ತಿ ಕಾಣಬೇಕಾದರೆ ನನ್ನ ಸಣ್ಣತನವೂ ಕಾಣಬೇಕಿತ್ತು. ಅದಕ್ಕೆ ಧೈರ್ಯ ಸಾಲದೆ ಬಸ್ಸು ತಪ್ಪಿದ ಹುಡುಗನ ಕಥೆ ಹೇಳಿ ಕೂತೆ. ಸತ್ತವರನ್ನು ಹೊಗಳಲು ಖರ್ಚಿಲ್ಲ. ಅವರು ನಮ್ಮನ್ನು ಕೇಳಿದ್ದ ಪ್ರಶ್ನೆಗೆ ಈಗಲಾದರೂ ಉತ್ತರ ಕೊಡುವುದಕ್ಕೆ ಖರ್ಚಿದೆ.

ಸಭೆಯ ಮಾರನೆಯ ದಿನ ಆಫೀಸಿನ ಬೀರುವಿನಿಂದ ಹಳೆಯ ಹಾಜರಿ ಪುಸ್ತಕ ತೆಗೆಸಿದೆ. ಹುಡುಗನ ಹೆಸರು ಸಿಕ್ಕಿತು, ಊರೂ ಗೊತ್ತಾಯಿತು. ಇನ್ನೂ ಹೋಗಿಲ್ಲ. ಇಷ್ಟು ವರ್ಷದ ಮೇಲೆ ಕೇಳುವ ಕ್ಷಮೆ ಅವನಿಗೆ ಬೇಕೋ, ನನ್ನ ಭಾರ ಇಳಿಸಿಕೊಳ್ಳಲು ನನಗೆ ಬೇಕೋ? ಅವನು ಮರೆತಿದ್ದರೆ ನೆನಪಿಸುವುದು ಇನ್ನೊಂದು ತಪ್ಪಾಗದೆ? ಅಥವಾ ಈ ಪ್ರಶ್ನೆಗಳೆಲ್ಲ ಹೋಗದಿರಲು ನಾನು ಹುಡುಕಿಕೊಂಡ ನೆಪಗಳೆ?

ಮೇಷ್ಟ್ರು ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ. ಮೊದಲು ಏನಾದರೂ ಹೇಳಿ ನಗಿಸುತ್ತಿದ್ದರು. ಆಮೇಲೆ, ಆ ಊರಿಗೆ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಿದ್ದರು.