ಹಗಲಿಡೀ ಅಲ್ಲೇ ಇರುವವರು

ಕೆನಡಾದ ಒಂಟಾರಿಯೊದಲ್ಲಿ ಮೇ ತಿಂಗಳು ಬಂತೆಂದರೆ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ನೆಲದೊಳಗಿನ ಹಿಮ ಕರಗಿ ಕ್ಯಾಂಪ್‌ಗ್ರೌಂಡುಗಳ ನಲ್ಲಿಗೆ ನೀರು ಬಿಡುತ್ತಾರೆ; ಇತ್ತ ಕನ್ನಡದ ಮನೆಗಳಿಗೆ ಊರಿನಿಂದ ಅಪ್ಪ-ಅಮ್ಮ ಬಂದಿಳಿಯುತ್ತಾರೆ. ಅಕ್ಟೋಬರ್ ಎರಡನೇ ಸೋಮವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಎರಡೂ ಮುಗಿಯುತ್ತ ಬರುತ್ತವೆ. ಹೆಪ್ಪುಗಟ್ಟಿದ ನೀರು ಪೈಪು ಒಡೆಯುತ್ತದೆ ಎಂದು ಇಲ್ಲಿನ ಹೆಚ್ಚಿನ ಕ್ಯಾಂಪ್‌ಗ್ರೌಂಡುಗಳು ಚಳಿಗಾಲಕ್ಕೆ ಬಾಗಿಲು ಹಾಕುತ್ತವೆ. ಹಿರಿಯರಿಗೂ ಆ ಚಳಿ ಆಗಿಬರುವುದಿಲ್ಲ.

ಈ ನಡುವಿನ ತಿಂಗಳುಗಳಲ್ಲಿ ಟೊರೊಂಟೊ, ಮಿಸಿಸಾಗಾ ಕಡೆಯ ಎಷ್ಟೋ ಮನೆಗಳಲ್ಲಿ ಆರ್‌ವಿ ಬಾಡಿಗೆಗೆ ಹಿಡಿಯುವ ಮಾತು ಶುರುವಾಗುತ್ತದೆ. ಹಾಸಿಗೆ, ಒಲೆ, ಫ್ರಿಜ್ಜು, ಶೌಚಾಲಯ ಎಲ್ಲವನ್ನೂ ಒಳಗಿಟ್ಟುಕೊಂಡು ಓಡಾಡುವ ಗಾಡಿ ಅದು. ಅಪ್ಪ-ಅಮ್ಮನನ್ನು ಡೇರೆಯಲ್ಲಿ ನೆಲದ ಮೇಲೆ ಮಲಗಿಸಲಾಗದು, ಆರ್‌ವಿ ಆದರೆ ಸರಿ ಎಂಬುದು ಮಕ್ಕಳ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಗಾಡಿ ನಿಲ್ಲಿಸುವ ಜಾಗ ಆರಿಸುವಾಗ ಆ ಕಾಳಜಿ ಎಲ್ಲೋ ಕಳೆದುಹೋಗುತ್ತದೆ. ಯಾವ ಟ್ರೇಲ್ ಚೆನ್ನಾಗಿದೆ, ಕಯಾಕ್ ಎಲ್ಲಿ ಸಿಗುತ್ತದೆ, ಸರೋವರದ ಫೋಟೊ ಎಲ್ಲಿ ಚೆನ್ನಾಗಿ ಬರುತ್ತದೆ ಎಂದೇ ಹುಡುಕಾಟ ನಡೆಯುತ್ತದೆ. ಇವೆಲ್ಲ ಬೆಳಗ್ಗೆ ಹೊರಗೆ ಹೊರಡುವವರ ಪ್ರಶ್ನೆಗಳು.

ಕೇಳಬೇಕಾದದ್ದು ಬೇರೆ. ಬೆಳಗ್ಗೆ ಒಂಬತ್ತಕ್ಕೆ ಎಲ್ಲರೂ ಬೂಟು ಕಟ್ಟಿಕೊಂಡು ಹೊರಟ ಮೇಲೆ ಗಾಡಿಯ ಬಳಿ ಉಳಿಯುವವರು ಯಾರು? ಮಂಡಿನೋವಿನ ಅಮ್ಮ, ಬಿಪಿ ಮಾತ್ರೆಯ ಅಪ್ಪ, ಮಧ್ಯಾಹ್ನ ನಿದ್ದೆ ಮಾಡಲೇಬೇಕಾದ ಎರಡು ವರ್ಷದ ಕೂಸು. ಹೊರಟವರಿಗೆ ಕ್ಯಾಂಪ್‌ಗ್ರೌಂಡ್ ರಾತ್ರಿ ಮಲಗುವ ತಾಣವಷ್ಟೇ; ಉಳಿದವರಿಗೆ ಇಡೀ ಪ್ರವಾಸವೇ ಅದು. ಹಾಗಾಗಿ ಆಯ್ಕೆಯ ಹಕ್ಕು ಉಳಿಯುವವರಿಗೆ ಸೇರಬೇಕು.

ಮೊದಲು ಶೌಚಾಲಯದ ವಿಷಯ. ಗಾಡಿಯೊಳಗೇ ಇದೆಯಲ್ಲ ಎನ್ನಬಹುದು. ಒಂಟಾರಿಯೊದ ಪ್ರಾಂತೀಯ ಉದ್ಯಾನಗಳ ಸೈಟುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕರೆಂಟು ಮಾತ್ರ. ಕೊಳಚೆ ಪೈಪಿನ ಜೋಡಣೆ ಇರುವುದಿಲ್ಲ. ಗಾಡಿಯ ಟ್ಯಾಂಕು ತುಂಬಿದರೆ ಮೇಜು ಕುರ್ಚಿ ಎತ್ತಿಟ್ಟು, ಇಡೀ ಮನೆಯನ್ನು ಹೊರಡಿಸಿಕೊಂಡು ಡಂಪ್ ಸ್ಟೇಷನ್ನಿಗೆ ಹೋಗಬೇಕು. ನೀರು ಬಳಸಿ ರೂಢಿಯಾದ ನಮ್ಮವರ ಕೈಯಲ್ಲಿ ಆ ಟ್ಯಾಂಕು ಬೇಗ ತುಂಬುತ್ತದೆ. ಅಮ್ಮನಿಗೆ ಅದು ಗೊತ್ತಾದರೆ ಸಾಕು, ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ, ಯಾರಿಗೂ ಹೇಳುವುದಿಲ್ಲ. ಆದ್ದರಿಂದ ಫ್ಲಶ್ ಶೌಚಾಲಯ, ಸ್ನಾನದ ಕೋಣೆ ಇರುವ ಕಂಫರ್ಟ್ ಸ್ಟೇಷನ್ ಐವತ್ತು-ನೂರು ಹೆಜ್ಜೆಯಲ್ಲಿರಲಿ. ದಾರಿ ಏರು ಇಲ್ಲದ್ದಾಗಿರಲಿ.

ಪ್ರಾಂತೀಯ ಉದ್ಯಾನಗಳ ಬುಕಿಂಗ್ ಪುಟದಲ್ಲಿ ಪ್ರತಿ ಸೈಟಿನ ಫೋಟೊ, ನೆರಳು ಎಷ್ಟಿದೆ, ನೆಲ ಎಷ್ಟು ಇಳಿಜಾರು, ಮರೆ ಹೇಗಿದೆ ಎಂಬ ವಿವರ ಇರುತ್ತದೆ. ಹೆಚ್ಚು ಮರೆ ಇರುವುದೇ ಒಳ್ಳೆಯ ಸೈಟೆಂದು ಬಹಳ ಮಂದಿ ತಿಳಿದಿದ್ದಾರೆ. ದಂಪತಿಗೆ ಅದು ಚೆಂದ ಇರಬಹುದು. ಸುತ್ತ ದಟ್ಟ ಕಾಡು, ಗೇಟಿನಲ್ಲಿ ಕರಡಿಯ ಎಚ್ಚರಿಕೆ ಫಲಕ, ಮನುಷ್ಯರ ಮುಖ ಕಾಣದ ಮೂಲೆ, ಅಲ್ಲಿ ಇಬ್ಬರು ಹಿರಿಯರು ಆರು ಗಂಟೆ ಕೂರಬೇಕು ಎಂದರೆ ಅದು ವಿಹಾರ ಅಲ್ಲ, ಕಾವಲು. ನಾಯಿ ಹಿಡಿದು ಅಡ್ಡಾಡುವವರು, ಸೈಕಲ್ ತುಳಿಯುವ ಮಕ್ಕಳು ಕಣ್ಣಿಗೆ ಬೀಳುವ ಜಾಗವೇ ಅವರಿಗೆ ಹಿತ.

ಇದೇ ಕಾರಣಕ್ಕೆ ಖಾಸಗಿ ಕ್ಯಾಂಪ್‌ಗ್ರೌಂಡುಗಳನ್ನು ತಳ್ಳಿಹಾಕಬೇಡಿ ಎನ್ನುತ್ತೇನೆ. ಅಲ್ಲಿ ಗಾಡಿಗಳು ಒತ್ತೊತ್ತಾಗಿ ನಿಂತಿರುತ್ತವೆ, ಕಾಡಿನ ಗಾಂಭೀರ್ಯ ಇಲ್ಲ, ನಿಜ. ಆದರೆ ನೀರು, ಕರೆಂಟು, ಕೊಳಚೆ ಮೂರೂ ಜೋಡಣೆ ಇರುವ ಸೈಟು ಹೆಚ್ಚಾಗಿ ಸಿಗುವುದು ಅಲ್ಲೇ. ಇಡೀ ಋತುವಿಗೆ ಜಾಗ ಬಾಡಿಗೆಗೆ ಹಿಡಿದ ನಿವೃತ್ತ ದಂಪತಿಗಳೂ ಅಲ್ಲಿರುತ್ತಾರೆ. ಟ್ರೇಲರಿನ ಮುಂದೆ ಮರದ ಜಗಲಿ ಕಟ್ಟಿ, ಕುಂಡದಲ್ಲಿ ಜೆರೇನಿಯಂ ಬೆಳೆಸಿ, ಹೋಗಿಬರುವವರಿಗೆಲ್ಲ ಕೈಬೀಸುವ ಜನ. ಇಂಗ್ಲಿಷ್ ಬಾರದ ಅಮ್ಮ ಆ ಕುಂಡಗಳ ಬಳಿ ನಿಂತು ಕೈಸನ್ನೆಯಲ್ಲೇ ಅರ್ಧ ಗಂಟೆ ಮಾತಾಡಿ ಬಂದದ್ದನ್ನು ನೋಡಿದ ಮೇಲೆ ನನಗೆ ಈ ಜಾಗಗಳ ಬಗ್ಗೆ ಗೌರವ ಹೆಚ್ಚಿದೆ.

ಕರೆಂಟಿನದೊಂದು ಲೆಕ್ಕ. 30 ಆಂಪ್ ಸಂಪರ್ಕ ಎಂದರೆ 120 ವೋಲ್ಟಿಗೆ 3,600 ವಾಟ್. ಎಸಿ ಓಡುತ್ತಿರುವಾಗ ಇಂಡಕ್ಷನ್ ಒಲೆ, ಮೈಕ್ರೋವೇವ್ ಎರಡನ್ನೂ ಹಚ್ಚಿದರೆ ಬ್ರೇಕರ್ ಬೀಳುತ್ತದೆ. ಉಳಿಯುವವರಿಗೆ ಇದನ್ನು ಮೊದಲೇ ಹೇಳಿಕೊಟ್ಟಿರಬೇಕು, ಬ್ರೇಕರ್ ಎಲ್ಲಿದೆ ಎಂದು ತೋರಿಸಿರಬೇಕು.

ಯಾವ ವಾರ ಎನ್ನುವುದೂ ಯಾವ ಜಾಗ ಎನ್ನುವಷ್ಟೇ ಮುಖ್ಯ. ಟೊರೊಂಟೊದಿಂದ ಸುಮಾರು ಮೂರು ಗಂಟೆ ದಾರಿಯ ಆಲ್ಗಾಂಕ್ವಿನ್ ಉದ್ಯಾನ 1893ರಲ್ಲಿ ಸ್ಥಾಪನೆಯಾದದ್ದು. ಒಂಟಾರಿಯೊದ ಮೊದಲ ಪ್ರಾಂತೀಯ ಉದ್ಯಾನ. ಮೇ ನಡುವಿನಿಂದ ಜೂನ್ ಕೊನೆಯವರೆಗೆ ಅಲ್ಲಿ ಕಚ್ಚುವ ಕಪ್ಪು ನೊಣಗಳ ಕಾಟ. ಅವು ಇಳಿಯುವ ಮೊದಲೇ ಸೊಳ್ಳೆ ಬರುತ್ತವೆ. ಹೊರಗೆ ಕೂತು ಹೊತ್ತು ಕಳೆಯಬೇಕಾದವರನ್ನು ಆ ವಾರಗಳಲ್ಲಿ ಕರೆದೊಯ್ಯುವುದು ಅನ್ಯಾಯ. ನನ್ನ ಮತ ಆಗಸ್ಟ್ ದ್ವಿತೀಯಾರ್ಧಕ್ಕೆ. ಕೀಟಗಳು ತಗ್ಗಿರುತ್ತವೆ, ಮಕ್ಕಳಿಗೆ ಇನ್ನೂ ಶಾಲೆ ಶುರುವಾಗಿರುವುದಿಲ್ಲ, ಸರೋವರದ ನೀರು ಕಾಲಿಡುವಷ್ಟು ಬೆಚ್ಚಗಿರುತ್ತದೆ. ಇನ್ನೊಂದು ಕಾರಣವೂ ಇದೆ. ಆಲ್ಗಾಂಕ್ವಿನ್‌ನಲ್ಲಿ 1963ರಿಂದ ಆಗಸ್ಟ್ ತಿಂಗಳ ಗುರುವಾರಗಳಂದು ತೋಳದ ಕೂಗು ಕೇಳಿಸುವ ಕಾರ್ಯಕ್ರಮ ನಡೆದುಬಂದಿದೆ. ತೋಳಗಳ ಗುಂಪು ರಸ್ತೆಗೆ ಹತ್ತಿರ ಇರುವುದು ಖಾತ್ರಿಯಾದರೆ ಮಾತ್ರ ನಡೆಸುತ್ತಾರೆ. ಕತ್ತಲಾದ ಮೇಲೆ ವಾಹನಗಳು ಸಾಲಾಗಿ 60ನೇ ಹೆದ್ದಾರಿಯ ಬದಿಯಲ್ಲಿ ನಿಲ್ಲುತ್ತವೆ, ಜನ ಇಳಿದು ಸುಮ್ಮನೆ ನಿಲ್ಲುತ್ತಾರೆ, ಉದ್ಯಾನದ ಸಿಬ್ಬಂದಿ ತೋಳದಂತೆ ಊಳಿಡುತ್ತಾರೆ. ಅದೃಷ್ಟ ಇದ್ದರೆ ಕಾಡಿನಿಂದ ಉತ್ತರ ಬರುತ್ತದೆ. ಬೆಟ್ಟ ಹತ್ತಬೇಕಿಲ್ಲ, ದೋಣಿ ಏರಬೇಕಿಲ್ಲ. ಗಾಡಿಯಿಂದ ಇಳಿದು ನಿಲ್ಲಬಲ್ಲ ಯಾರಿಗಾದರೂ ಕಾಡು ಇಷ್ಟು ಹತ್ತಿರ ಸಿಗುವ ಸಂದರ್ಭಗಳು ಕಡಿಮೆ.

ಒಂಟಾರಿಯೊ ಉದ್ಯಾನಗಳ ಬುಕಿಂಗ್ ಐದು ತಿಂಗಳು ಮೊದಲು, ಬೆಳಗ್ಗೆ ಏಳಕ್ಕೆ ತೆರೆಯುತ್ತದೆ. ಆಗಸ್ಟ್ 20ಕ್ಕೆ ಸೈಟು ಬೇಕಿದ್ದರೆ ಮಾರ್ಚ್ 20ರ ಬೆಳಗ್ಗೆ ಕಂಪ್ಯೂಟರಿನ ಮುಂದೆ ಕೂತಿರಬೇಕು. ಊರಿನಲ್ಲಿ ಆಗ ಸಂಜೆ ನಾಲ್ಕೂವರೆ, ಅಪ್ಪ-ಅಮ್ಮ ಕಾಫಿ ಕುಡಿಯುವ ಹೊತ್ತು. ಅದಕ್ಕೆ ಎರಡು ದಿನ ಮೊದಲೇ ಅವರಿಗೆ ವಿಡಿಯೊ ಕಾಲ್ ಮಾಡಿ, ನೀವು ಗುರುತು ಹಾಕಿಕೊಂಡ ನಾಲ್ಕು ಸೈಟುಗಳ ಫೋಟೊ ತೋರಿಸಿ, ಯಾವ ಮರದ ಕೆಳಗೆ ಕುರ್ಚಿ ಹಾಕೋಣ ಎಂದು ಅವರನ್ನೇ ಕೇಳಿ.